ರಂಗಸ್ವಾಮಿ ಕಂಬದ ಹತ್ತಿರ

ನ್ಯೂಯಾರ್ಕ್
ನವೆಂಬರ್ 9

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ, ಐದು ಗಂಟೆಗೆಲ್ಲ ಕತ್ತಲೆ. ಅಮ್ಮ ಕೊಟ್ಟ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಈ ವಿಷಯವನ್ನು ಅಪ್ಪ ನಿಧಾನವಾಗಿ ಓದಬೇಕು ಅನ್ನಿಸಿತು. ಅದಕ್ಕೇ ಈ ಕಾಗದ.

ಅಪ್ಪ, ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಗುಂಡ್ಲುಪೇಟೆಯಿಂದ ಊಟಿ ಮೇಲೆ ಕೋಟಗಿರಿಗೆ ಹೋಗಿದ್ದೆವಲ್ಲ, ನಿಮ್ಮ ಸ್ನೇಹಿತರ ಮನೆಗೆ. ಅವರು ಬಡಗ ಮಾತಾಡಿದರೆ ಅಮ್ಮನಿಗೆ ಅರ್ಧಕ್ಕರ್ಧ ಅರ್ಥವಾಗುತ್ತಿತ್ತು. ಮಾರನೇ ದಿನ ಕೋಡನಾಡಿನ ವ್ಯೂ ಪಾಯಿಂಟಿಗೆ ಹೋದೆವು. ಕೆಳಗೆ ಮೋಯಾರ್ ಹೊಳೆ, ಆಚೆ ನಮ್ಮ ಮೈಸೂರು ಸೀಮೆಯ ಬಯಲು. ಒಂದು ಕಡೆ ಒಂಟಿಯಾಗಿ ನಿಂತ ಬಂಡೆ. "ಅದು ರಂಗಸ್ವಾಮಿ ಕಂಬ, ಕೈ ಮುಗಿ" ಅಂದಿರಿ. ನಾನು ಮುಗಿದೆ.

ಆ ಕಂಬದ ಹತ್ತಿರವೇ 1950ರ ಡಿಸೆಂಬರ್ 13ರಂದು ಏರ್ ಇಂಡಿಯಾದ ಒಂದು ವಿಮಾನ ಬೆಟ್ಟಕ್ಕೆ ಬಡಿದಿತ್ತು. ಅದರಲ್ಲಿದ್ದ 21 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಇಬ್ಬರು ನಾನು ಈಗ ದಿನಾ ಓಡಾಡುವ ಈ ಬೀದಿಗಳಿಂದ ಹೋದವರು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಅಬ್ರಹಾಂ ವಾಲ್ಡ್ ಮತ್ತು ಅವರ ಹೆಂಡತಿ ಲೂಸಿಲ್. ಭಾರತ ಸರ್ಕಾರ ಕರೆದಿತ್ತು ಅಂತ ಪಾಠ ಹೇಳಲು ಬಂದಿದ್ದರು. ವಾಲ್ಡ್ ಅವರಿಗೆ ಆಗ 48 ವರ್ಷ.

ನನ್ನ ಸಂಖ್ಯಾಶಾಸ್ತ್ರದ ಓದಿನಲ್ಲಿ ವಾಲ್ಡ್ ಹೆಸರು ವಾರಕ್ಕೊಮ್ಮೆಯಾದರೂ ಬರುತ್ತದೆ. ಅವರು ಎಲ್ಲಿ ಸತ್ತರು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಕಳೆದ ವಾರ ಅವರ ಬಗ್ಗೆ ಓದುತ್ತಿದ್ದಾಗ "ನೀಲಗಿರಿ" ಅನ್ನುವ ಪದ ಕಂಡಿತು. ಅದರ ಪಕ್ಕದಲ್ಲೇ ರಂಗಸ್ವಾಮಿ. ಮೈ ಜುಮ್ಮೆಂದಿತು ಅಪ್ಪ. ಲೈಬ್ರರಿಯಿಂದ ಎದ್ದು ಹೊರಗೆ ಬಂದುಬಿಟ್ಟೆ.

ಅವರು ಯಾರು ಅಂತ ಹೇಳುತ್ತೇನೆ. ಹುಟ್ಟಿದ್ದು 1902ರಲ್ಲಿ, ಆಗ ಹಂಗೇರಿಗೆ ಸೇರಿದ್ದ, ಈಗ ರೊಮೇನಿಯಾದಲ್ಲಿರುವ ಕ್ಲುಜ್ ಪಟ್ಟಣದಲ್ಲಿ. ಯಹೂದಿ ಮನೆತನ. ಶನಿವಾರ ಸ್ಕೂಲಿಗೆ ಹೋಗುವಂತಿರಲಿಲ್ಲವಾದ್ದರಿಂದ ಮನೆಯಲ್ಲೇ ಪಾಠ. ವಿಯೆನ್ನಾದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದರೂ ಯಹೂದಿಯಾದ್ದರಿಂದ ಅಲ್ಲಿ ಮೇಷ್ಟರ ಕೆಲಸ ಸಿಗಲಿಲ್ಲ. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದ ಮೇಲೆ ಅಮೆರಿಕಕ್ಕೆ ಬಂದರು. ಹಿಂದೆ ಉಳಿದ ಮನೆಯವರಲ್ಲಿ ಹೆಚ್ಚಿನವರನ್ನು ನಾಜಿಗಳು ಕೊಂದರು.

ಯುದ್ಧದ ಸಮಯದಲ್ಲಿ ಇಲ್ಲಿನ 118ನೇ ಬೀದಿಯ ಒಂದು ಕಟ್ಟಡದಲ್ಲಿ ಸೈನ್ಯಕ್ಕಾಗಿ ಲೆಕ್ಕ ಹಾಕುವ ತಂಡವೊಂದಿತ್ತು. ವಾಲ್ಡ್ ಅದರಲ್ಲಿದ್ದರು. ಕಾಳಗದಿಂದ ಹಿಂತಿರುಗಿದ ವಿಮಾನಗಳ ಮೇಲೆ ಗುಂಡಿನ ತೂತುಗಳು. ಮೈ ಮೇಲೆ ಜಾಸ್ತಿ, ಎಂಜಿನ್ ಮೇಲೆ ಕಡಿಮೆ. ಹಾಗಾದರೆ ಉಕ್ಕಿನ ತಗಡನ್ನು ಎಲ್ಲಿ ಹೊದಿಸಬೇಕು? ತೂತು ಜಾಸ್ತಿ ಇರುವ ಕಡೆ ಅಂತ ಯಾರಿಗಾದರೂ ಅನ್ನಿಸುತ್ತದೆ. ವಾಲ್ಡ್ ನೋಡಿದ್ದು ಬೇರೆ. ಇವೆಲ್ಲ ಹಿಂತಿರುಗಿದ ವಿಮಾನಗಳು. ಎಂಜಿನ್‌ಗೆ ಪೆಟ್ಟು ಬಿದ್ದವುಗಳಲ್ಲಿ ಹೆಚ್ಚಿನವು ಇಲ್ಲಿಲ್ಲ, ಅವು ಬಿದ್ದುಹೋಗಿವೆ. ಹಾಗಾಗಿ ತಗಡು ಬೇಕಾದ್ದು ಎಂಜಿನ್ ಮೇಲೆ. ಅವರ ಬರಹದಲ್ಲಿ ಒಂದು ಉದಾಹರಣೆ ಬರುತ್ತದೆ: 400 ವಿಮಾನ ಹೋದವು, 380 ಬಂದವು. ಬಂದವುಗಳಲ್ಲಿ 320ಕ್ಕೆ ಒಂದು ಏಟೂ ಇಲ್ಲ, 32ಕ್ಕೆ ಒಂದು ಏಟು, 20ಕ್ಕೆ ಎರಡು, ಹೀಗೆ. ಬಂದವುಗಳ ಮೈಯನ್ನು ಎಣಿಸುತ್ತಲೇ, ಬಾರದ ಆ 20 ವಿಮಾನಗಳಿಗೆ ಏನಾಗಿರಬೇಕು ಅಂತ ಲೆಕ್ಕ ಹಿಡಿಯುತ್ತಾ ಹೋಗುತ್ತಾರೆ.

ಇದನ್ನು ಮೊದಲ ಸಲ ಕ್ಲಾಸಿನಲ್ಲಿ ಕೇಳಿದಾಗ ನನಗೆ ನೀವೇ ನೆನಪಾದಿರಿ. ಮಳೆಗಾಲದಲ್ಲಿ ಹಾಜರಿ ಕರೆದ ಮೇಲೆ, ಬಾರದ ಮಕ್ಕಳ ಮನೆಗೆ ಸಂಜೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದಿರಿ. ಬಂದ ಮಕ್ಕಳನ್ನು ಕೇಳಿದರೆ ಹಳ್ಳದಲ್ಲಿ ನೀರಿಲ್ಲ ಅನ್ನುತ್ತಾರೆ, ದಾಟಲಾಗದವರನ್ನು ಕೇಳಬೇಕು ಅನ್ನುತ್ತಿದ್ದಿರಿ. ನೆನಪಿದೆಯಾ?

ಅಂಥ ಮನುಷ್ಯ ಕೊನೆಗೆ ಕೂತದ್ದು ಹಿಂತಿರುಗದ ವಿಮಾನದಲ್ಲಿ. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ಆ ವಿಮಾನ ಒಂದು ಡಕೋಟ. ಎರಡು ಎಂಜಿನ್, ಒಂದೊಂದೂ 1200 ಅಶ್ವಶಕ್ತಿ. ಇದರ ಮೂಲ ಮಾದರಿ, ಡಿಸಿ-3, ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಯುದ್ಧಕ್ಕಾಗಿ ಇವನ್ನು ಹತ್ತು ಸಾವಿರಕ್ಕೂ ಹೆಚ್ಚು ಕಟ್ಟಿದರು. ಯುದ್ಧ ಮುಗಿದಾಗ ಅಗ್ಗಕ್ಕೆ ಸಿಕ್ಕವು, ನಮ್ಮ ದೇಶದ ಕಂಪನಿಗಳೂ ಕೊಂಡವು. ಕೋಟಗಿರಿಯಲ್ಲಿ ಬಿದ್ದದ್ದೂ ಯುದ್ಧಕ್ಕಾಗಿ ಕಟ್ಟಿದ ಮಾದರಿಯೇ. ಡಕೋಟವನ್ನು ಹಾರಿಸಿದವರು ಅದನ್ನು ಎತ್ತಿನ ಹಾಗೆ ಪ್ರೀತಿಸುತ್ತಾರೆ, ಎಂಥ ಸ್ಥಿತಿಯಲ್ಲೂ ಮನೆಗೆ ಕರೆತರುತ್ತದೆ ಅನ್ನುತ್ತಾರೆ. ಅದು ಗಟ್ಟಿ ವಿಮಾನ ಅನ್ನುವುದು ನಿಜ. ಆದರೂ ಈಗ ಆ ಮಾತು ಕೇಳಿದರೆ ನನಗೆ ಮೊದಲು ಹೊಳೆಯುವುದು, ಹಾಗೆ ಹೇಳುವವರೆಲ್ಲ ಮನೆಗೆ ಬಂದವರೇ ಅಲ್ವಾ ಅಂತ.

ಈ ವಿಮಾನಗಳಿಗೆ ಬೆಟ್ಟವೇ ದೊಡ್ಡ ಶತ್ರು. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಜಾಸ್ತಿ ಎತ್ತರಕ್ಕೆ ಹೋದರೆ ಪ್ರಯಾಣಿಕರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಸಾಮಾನ್ಯವಾಗಿ ಹತ್ತು ಸಾವಿರ ಅಡಿಯ ಒಳಗೇ ಹಾರಬೇಕು. ನಮ್ಮ ದೊಡ್ಡಬೆಟ್ಟವೇ 2637 ಮೀಟರ್, ಅಂದರೆ ಎಂಟು ಸಾವಿರದ ಆರುನೂರು ಅಡಿಗಿಂತ ಜಾಸ್ತಿ! ಮಳೆ, ಮೋಡ ಎಲ್ಲ ಇರುವುದು ಆ ಎತ್ತರದಲ್ಲೇ. ಎತ್ತರ ತೋರಿಸುವ ಗಡಿಯಾರ ಗಾಳಿಯ ಒತ್ತಡವನ್ನು ಅಳೆದು ಸಮುದ್ರಮಟ್ಟದಿಂದ ಎಷ್ಟು ಮೇಲಿದ್ದೀರಿ ಅಂತ ಹೇಳುತ್ತದೆ. ಎದುರಿಗೆ ಬೆಟ್ಟ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ರೇಡಿಯೋ ಮುಳ್ಳು ನೆಲದ ಮೇಲಿನ ರೇಡಿಯೋ ಕೇಂದ್ರ ಯಾವ ದಿಕ್ಕಿಗಿದೆ ಅಂತ ತೋರಿಸುತ್ತದೆ, ಎಷ್ಟು ದೂರ ಅಂತ ಹೇಳುವುದಿಲ್ಲ. ಉಳಿದದ್ದೆಲ್ಲ ಪೈಲಟ್‌ನ ಕೈಗಡಿಯಾರ, ನಕ್ಷೆ, ಗಾಳಿಯ ಅಂದಾಜು. ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಒಂದು ನಿಮಿಷದ ಲೆಕ್ಕ ತಪ್ಪಿದರೆ ನಾಲ್ಕೂವರೆ ಕಿಲೋಮೀಟರ್ ತಪ್ಪಿದ ಹಾಗೆ. ಕೋಟಗಿರಿಯ ಅಪಘಾತಕ್ಕೆ ದಾಖಲಾದ ಕಾರಣ ಅಷ್ಟೇ: ದಾರಿಯ ಲೆಕ್ಕ ತಪ್ಪಿತು.

ಅಮೆರಿಕದಲ್ಲೂ ಹೀಗೇ ಆಗಿದೆ. 1942ರ ಜನವರಿ 16ರ ರಾತ್ರಿ ಲಾಸ್ ವೇಗಾಸ್‌ನಿಂದ ಎದ್ದ ಒಂದು ಡಿಸಿ-3 ಸ್ವಲ್ಪ ಹೊತ್ತಿಗೇ ಬೆಟ್ಟಕ್ಕೆ ಬಡಿಯಿತು. ಯುದ್ಧದ ಕಾರಣಕ್ಕೆ, ವಿಮಾನಗಳಿಗೆ ದಾರಿ ತೋರಿಸಲು ನೆಲದ ಮೇಲೆ ಇಟ್ಟಿದ್ದ ದೀಪಗಳಲ್ಲಿ ಹಲವನ್ನು ಆರಿಸಿದ್ದರು. 22 ಜನ ಸತ್ತರು. ನಟಿ ಕರೋಲ್ ಲೊಂಬಾರ್ಡ್ ಅದರಲ್ಲಿದ್ದರು ಅಂತ ಎಲ್ಲರಿಗೂ ಗೊತ್ತು. ಜೊತೆಯಲ್ಲಿದ್ದ 15 ಸೈನಿಕರ ಮಾತು ಬರುವುದು ಕಡಿಮೆ.

ಅಮ್ಮ, ಇದನ್ನೆಲ್ಲ ಓದಿ ಗಾಬರಿಯಾಗಬೇಡಿ. ನಾನು ಬರುವ ವಿಮಾನದಲ್ಲಿ, ನೆಲ ಹತ್ತಿರವಾಗುತ್ತಿದ್ದರೆ "ಪುಲ್ ಅಪ್, ಪುಲ್ ಅಪ್" ಅಂತ ಕೂಗುವ ಯಂತ್ರ ಇರುತ್ತದೆ. ಡಾನ್ ಬೇಟ್‌ಮನ್ ಅನ್ನುವ ಎಂಜಿನಿಯರ್ ಅದಕ್ಕಾಗಿ ಜೀವಮಾನವಿಡೀ ದುಡಿದರು. ಈಗಿನದರಲ್ಲಿ ಭೂಮಿಯ ಮೇಲಿನ ಬೆಟ್ಟಗುಡ್ಡಗಳ ನಕ್ಷೆಯೇ ಒಳಗಿರುತ್ತದೆ. ದೇವರಿಗೆ ದೀಪ ಹಚ್ಚುವಾಗ ಅವರನ್ನೂ ಒಮ್ಮೆ ನೆನೆಸಿಕೊಳ್ಳಿ.

ವಾಲ್ಡ್ ದಂಪತಿಗೆ ಇಬ್ಬರು ಪುಟ್ಟ ಮಕ್ಕಳಿದ್ದರು. ಮಗ ರಾಬರ್ಟ್‌ಗೆ ಆಗ ಮೂರು ವರ್ಷ. ಮುಂದೆ ಅವರು ಶಿಕಾಗೋದಲ್ಲಿ ದೊಡ್ಡ ಭೌತವಿಜ್ಞಾನಿಯಾದರು. ಇದು ತಿಳಿದು ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಈಗ ನಾನು ಕೇಳಬೇಕಾದ್ದು. 21ರಲ್ಲಿ ಇಬ್ಬರ ಕಥೆ ನನಗೆ ಸಿಕ್ಕಿತು. ಅವರು ಹೆಸರಾದವರು, ಅವರ ಬಗ್ಗೆ ಬರೆದವರಿದ್ದಾರೆ. ಉಳಿದ 19 ಜನ? ವಿಮಾನ ನಡೆಸುತ್ತಿದ್ದವರು, ಊರಿಗೆ ಹೊರಟಿದ್ದವರು, ಅವರ ಮನೆಯಲ್ಲಿ ಕಾದವರು. ಅಪ್ಪ, ಕೋಟಗಿರಿಯ ನಿಮ್ಮ ಸ್ನೇಹಿತರ ಹಟ್ಟಿಯಲ್ಲಿ ವಯಸ್ಸಾದವರು ಇನ್ನೂ ಇದ್ದಾರಾ? ಆ ದಿನ ಸದ್ದು ಕೇಳಿದವರು, ಬೆಟ್ಟ ಹತ್ತಿ ಹೋದವರು, ಇಲ್ಲ ಅವರ ಬಾಯಿಂದ ಕೇಳಿದ ಮಕ್ಕಳು. ದಯವಿಟ್ಟು ಒಮ್ಮೆ ಫೋನ್ ಮಾಡಿ ವಿಚಾರಿಸಿ. ಅವರು ಹೇಳಿದ್ದನ್ನು ಬಡಗದಲ್ಲೇ ಇದ್ದ ಹಾಗೆ ಬರೆದಿಡಿ, ಒಂದು ಹೆಸರು ಸಿಕ್ಕರೂ ಸಾಕು.

ಡಿಸೆಂಬರ್ 13ಕ್ಕೆ ನನಗೆ ಪರೀಕ್ಷೆ ಇರುತ್ತದೆ, ಬರಲಾಗುವುದಿಲ್ಲ. 22ಕ್ಕೆ ಬೆಂಗಳೂರಿಗೆ ಬಂದು ಇಳಿಯುತ್ತೇನೆ. ತಮ್ಮನಿಗೂ ರಜೆ ಇರುತ್ತಲ್ಲ, ಎಲ್ಲರೂ ಒಂದು ದಿನ ಕೋಡನಾಡಿಗೆ ಹೋಗೋಣ. ಅಮ್ಮ, ಹಿತ್ತಿಲಿನ ಸೇವಂತಿಗೆ ಅಷ್ಟು ಹೊತ್ತಿಗೆ ಇನ್ನೂ ಇದ್ದರೆ ಸ್ವಲ್ಪ ಕುಯ್ಯದೆ ಬಿಟ್ಟಿರಿ.

ನಿಮ್ಮ ಮಗಳು