ಹುಲ್ಲು ಕೊಚ್ಚುವ ಯಂತ್ರ: ಭಾನುವಾರದೊಳಗೆ ತೀರ್ಮಾನಿಸೋಣ

ಫೋಂಡಾ ಕಡೆ ತೋಟವಿರುವ ಎಲ್ಲ ಸದಸ್ಯರಿಗೆ ನಮಸ್ಕಾರ. ಮಳೆ ನಿಂತಿದೆ, ಗೇರು ಮರಗಳ ಸಾಲಿನಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿದೆ. ನಮ್ಮ ಸಣ್ಣ ಟ್ರ್ಯಾಕ್ಟರುಗಳಿಗೆ ಯಾವ ಯಂತ್ರ ಎಂಬುದನ್ನು ಇನ್ನು ಮುಂದೂಡಲಾಗದು.

ಬೆಲೆಗಿಂತ ಮೊದಲು ಪಿಟಿಒ ಶಕ್ತಿಯನ್ನು, ಅಂದರೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಹಿಂದಿನ ಶಾಫ್ಟಿನ ಶಕ್ತಿಯನ್ನು, ನೋಡಿ. ಎಂಜಿನ್ 24 ಎಚ್‌ಪಿ ಇದ್ದರೂ ಆ ಶಾಫ್ಟಿಗೆ ಸಿಗುವುದು ಅದಕ್ಕಿಂತ ಕಡಿಮೆ. ಅಲಗು ನೆಲಕ್ಕೆ ಸಮನಾಗಿ ಗಿರ್ರನೆ ತಿರುಗುವ ರೋಟರಿ ಸ್ಲ್ಯಾಶರ್‌ಗೆ ಅಡಿ ಅಗಲಕ್ಕೆ ಸುಮಾರು 5 ಎಚ್‌ಪಿ ಎಂಬುದು ರೂಢಿಯ ಲೆಕ್ಕ. ಹಾಗಾಗಿ 4 ಅಡಿ ಸಾಕು, 5 ಅಡಿಯ ಆಸೆ ಬೇಡ. ಹಿಂದಿನ ಚಕ್ರಗಳ ಹೊರ ಅಂಚಿನ ಅಳತೆಯನ್ನು ಟೇಪ್ ಹಿಡಿದು ನೋಡಿಯೇ ಅಂಗಡಿಗೆ ಹೋಗಿ. ಯಂತ್ರ ಅದಕ್ಕಿಂತ ಕಿರಿದಾದರೆ ಚಕ್ರ ತುಳಿದ ಹುಲ್ಲು ಸರಿಯಾಗಿ ಕತ್ತರಿಸದೆ ಉಳಿಯುತ್ತದೆ.

ನನ್ನ ಒಲವು ಫ್ಲೇಲ್ ಮೋವರ್ (ಉರುಳೆಗೆ ಸಣ್ಣ ಅಲಗುಗಳನ್ನು ತೂಗುಹಾಕಿದ ಯಂತ್ರ) ಕಡೆಗೆ. ಕಳೆದ ವರ್ಷ ಬಾಡಿಗೆಯ ಸ್ಲ್ಯಾಶರ್‌ನಿಂದ ಸಿಡಿದ ಜಂಬಿಟ್ಟಿಗೆ ಚೂರು ಪಂಪ್‌ಮನೆಯ ತಗಡಿನಲ್ಲಿ ಹೆಬ್ಬೆರಳಷ್ಟು ತೂತು ಮಾಡಿತ್ತು. ಅಲ್ಲಿ ಹೆಂಗಸರು ಗೇರುಬೀಜ ಹೆಕ್ಕುತ್ತಿದ್ದಿದ್ದರೆ? ಫ್ಲೇಲ್‌ನ ತೂಗುವ ಅಲಗುಗಳು ಕಲ್ಲು ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಕಲ್ಲು ಸಿಡಿಯುವುದೂ ಕಡಿಮೆ. ತೂಕ, ಬೆಲೆ ಎರಡೂ ಹೆಚ್ಚು, ನಿಜ. ಆದರೂ ಅದೇ ಇರಲಿ ಎನ್ನುತ್ತೇನೆ.

ಆ ತೂಕ ತಾಳುತ್ತದೆಯೇ ಎಂದು ನೋಡಲು ನಿಮ್ಮ ಟ್ರ್ಯಾಕ್ಟರಿನ ಲಿಫ್ಟ್ ಸಾಮರ್ಥ್ಯವನ್ನು (ಹಿಂದೆ ಎಷ್ಟು ತೂಕ ಎತ್ತುತ್ತದೆ ಎಂಬುದನ್ನು) ಶನಿವಾರ ಸಂಜೆಯೊಳಗೆ ಇಲ್ಲಿ ಬರೆಯಿರಿ.