ಮಕ್ಕಳು ಮಲಗುವ ಹೊತ್ತಿಗೆ ಒಮ್ಮೆ ಬನ್ನಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು 27 ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಹೋದ ವರ್ಷ ಮಂಡಿ ಆಪರೇಷನ್ ಆಯ್ತು. ಒಂದೂವರೆ ವರ್ಷದ ಕೂಸನ್ನು ಎತ್ತಿಕೊಳ್ಳಲು ಆಗಲಿಲ್ಲ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಹತ್ತಿರದ ಡೇ ಕೇರ್‌ಗೆ ಸೇರಿಸಿದೆವು.

ಸ್ವಲ್ಪ ನಡೆಯುವಂತಾದ ಮೇಲೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಒಂದೇ ರೂಮಿನಲ್ಲಿ 16 ಮಕ್ಕಳು. ನೋಡಿಕೊಳ್ಳಲು ಒಬ್ಬಳೇ ಹುಡುಗಿ, ಅವಳಿಗೇ ಇಪ್ಪತ್ತು ತುಂಬಿತ್ತೋ ಇಲ್ಲವೋ. ಕಿಟಕಿ ಮುಚ್ಚಿತ್ತು. ನನ್ನ ಮೊಮ್ಮಗಳು ಒದ್ದೆ ಚಡ್ಡಿಯಲ್ಲೇ ನಿದ್ದೆ ಹೋಗಿದ್ದಳು. ಹುಡುಗಿಯನ್ನು ಬೈಯಲು ಮನಸ್ಸು ಬರಲಿಲ್ಲ. ಮೂರು ಗಂಟೆಯಾದರೂ ಅವಳಿಗಿನ್ನೂ ಊಟವಾಗಿರಲಿಲ್ಲ. ಮಾಲೀಕರ ಹತ್ತಿರ ಲೈಸೆನ್ಸ್ ಕೇಳಿದೆ. ಗೋಡೆ ಮೇಲಿನ ಕಾಗದ ತೋರಿಸಿದರು. ಅದು ವ್ಯಾಪಾರ ಮಾಡಲು ಕೊಡುವ ಪರವಾನಗಿ. ಬಳೆ ಅಂಗಡಿಗೂ ಅದೇ ಕಾಗದ, ಕೂಸುಗಳನ್ನು ಬಿಟ್ಟು ಹೋಗುವ ಜಾಗಕ್ಕೂ ಅದೇ!

ನನ್ನ ಅಂಗನವಾಡಿಯಲ್ಲಿ ಒಂದು ಮೊಟ್ಟೆ ಲೆಕ್ಕ ತಪ್ಪಿದರೂ ಉತ್ತರ ಕೊಡಬೇಕಿತ್ತು. ಮೇಲ್ವಿಚಾರಕಿ ಬರುತ್ತಿದ್ದರು, ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ, ಬರುತ್ತಿದ್ದರು. ಬಾಲವಿಕಾಸ ಸಮಿತಿಯ ತಾಯಂದಿರಂತೂ ಸಾಂಬಾರು ರುಚಿ ನೋಡಿ, ಉಪ್ಪು ಜಾಸ್ತಿ ಅಂತ ಮುಖಕ್ಕೇ ಹೇಳುತ್ತಿದ್ದರು. ಆಗ ಬೇಜಾರಾಗುತ್ತಿತ್ತು. ಆ ಡೇ ಕೇರ್ ಬಾಗಿಲಲ್ಲಿ ನಿಂತಾಗ ಆ ತಾಯಂದಿರೆಲ್ಲ ನೆನಪಾದರು.

1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಐಸಿಡಿಎಸ್ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ತಿ. ನರಸೀಪುರಕ್ಕೆ. ಐವತ್ತು ವರ್ಷವಾಯಿತು. ಅಂಗನವಾಡಿಗೆ ಬಂದು ಕೂರುವುದು ಈಗಲೂ ಹೆಚ್ಚಾಗಿ ಮೂರರಿಂದ ಆರು ವರ್ಷದ ಮಕ್ಕಳೇ. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಕೊಡುತ್ತಿದ್ದೆವು, ತೂಕ ನೋಡುತ್ತಿದ್ದೆವು. ಹಗಲೆಲ್ಲ ಆ ಮಗು ಎಲ್ಲಿರುತ್ತೆ ಅಂತ ಬರೆಯಲು ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ನನಗೆ ಗೊತ್ತಿತ್ತು. ಅವ್ವ ಕಬ್ಬಿನ ಗದ್ದೆಯಲ್ಲಿ, ಮಗು ಬದುವಿನ ಮರದ ಜೋಲಿಯಲ್ಲಿ. ತೂಗಲು ಶಾಲೆ ಬಿಡಿಸಿದ ಎಂಟು ವರ್ಷದ ಅಕ್ಕ.

ಹಾಗಾಗಿ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ, ಅಂದರೆ ಹಳ್ಳಿಯ ಶಿಶುವಿಹಾರ, ಎಂದಾಗ ನನಗೆ ತುಂಬಾ ಖುಷಿಯಾಯಿತು. ಆದರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇರುವ ಹೆಂಗಸರನ್ನೇ ಇಟ್ಟರು. ಒಬ್ಬರಿಗೆ 100 ದಿನ ಮುಗಿದರೆ ಇನ್ನೊಬ್ಬರು. ಕೂಲಿ ಲೆಕ್ಕಕ್ಕೆ ಅದು ಸರಿಯಿರಬಹುದು. ಮಗುವಿನ ಲೆಕ್ಕ ಬೇರೆ. ಒಂದು ವರ್ಷದ ಕೂಸು ಹೊಸ ತೋಳಿಗೆ ಒಗ್ಗಲು ವಾರಗಟ್ಟಲೆ ಬೇಕು. ಒಗ್ಗಿಕೊಂಡ ಮೇಲೆ ಆ ಮುಖ ಕಾಣದಿದ್ದರೆ ಊಟ ಬಿಡುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೆಂಗಸರಿಗೆ ವರ್ಷಪೂರ್ತಿ ಕೆಲಸ, ಸರಿಯಾದ ಸಂಬಳ ಕೊಡಿ.

ಅಂಗನವಾಡಿ ನಿಮ್ಮ ಇಲಾಖೆಯದು. ಕೂಸಿನ ಮನೆ ಗ್ರಾಮೀಣಾಭಿವೃದ್ಧಿ ಇಲಾಖೆಯದು. ಗಾರ್ಮೆಂಟ್ಸ್ ಶಿಶುವಿಹಾರಕ್ಕೆ ಕಾರ್ಮಿಕ ಇಲಾಖೆ. ಗಲ್ಲಿಯ ಡೇ ಕೇರ್‌ಗೆ? 50 ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಿದರು. ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ತರಬೇತಿ ಪಡೆದವರು ಬೇಕು ಅಂತ ಮರುವರ್ಷ ಕೇಂದ್ರದ ಮಾರ್ಗಸೂಚಿಯೂ ಬಂತು. ಆ ಮಾರ್ಗಸೂಚಿ ಹಿಡಿದು ನಮ್ಮ ಬೀದಿಗೆ ಬಂದು ತಲೆ ಎಣಿಸುವವರು ಯಾರು, ಹೇಳಿ?

ನನ್ನ ಕೋರಿಕೆ ಇಷ್ಟೇ. ದುಡ್ಡು ತೆಗೆದುಕೊಂಡು ಮಕ್ಕಳನ್ನು ನೋಡಿಕೊಳ್ಳುವ ಪ್ರತಿ ಜಾಗವೂ ಸಿಡಿಪಿಓ ಕಚೇರಿಯಲ್ಲಿ ನೋಂದಣಿ ಆಗಲಿ. ಅಲ್ಲೂ ತಾಯಂದಿರ ಸಮಿತಿ ಇರಲಿ, ಯಾವಾಗ ಬೇಕಾದರೂ ಒಳಗೆ ಬರುವ ಹಕ್ಕು ಅವರಿಗಿರಲಿ. ನೋಡಲು ಹೋಗುವ ಕೆಲಸವನ್ನು ಮಾತ್ರ ಈಗಿರುವ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಸಮೀಕ್ಷೆ, ಚುನಾವಣೆ, ಮೊಬೈಲ್ ಆ್ಯಪ್ ಅಂತ ಅವರಿಗೆ ಈಗಲೇ ಉಸಿರಾಡಲು ಪುರುಸೊತ್ತಿಲ್ಲ. ಅದಕ್ಕೆಂದೇ ಬೇರೆ ಜನ ನೇಮಿಸಿ. ಹಾಗಂತ ಸಣ್ಣ ಡೇ ಕೇರ್‌ಗಳಿಗೆ ಸುಮ್ನೆ ಬೀಗ ಹಾಕಿಸಿದರೂ ಕಷ್ಟ. ಮರುದಿನ ಆ ಮಕ್ಕಳನ್ನು ಎಲ್ಲಿ ಬಿಡುವುದು? ಅಲ್ಲಿರುವ ಹುಡುಗಿಯರಿಗೆ ತರಬೇತಿ ಕೊಡಿ.

ಮೊಮ್ಮಗಳನ್ನು ನಾವು ಅಲ್ಲಿಂದ ಬಿಡಿಸಿದೆವು. ಉಳಿದ ಹದಿನೈದು ಮಕ್ಕಳನ್ನು ಅಲ್ಲೇ ಬಿಟ್ಟು ಬಂದೆ. ಇವತ್ತಿಗೂ ಮನಸ್ಸಿಗೆ ಸಮಾಧಾನವಿಲ್ಲ.

ಇಂಥ ಒಂದು ಜಾಗಕ್ಕೆ ನೀವೇ ಹೋಗಿ, ಮಕ್ಕಳು ಮಲಗುವ ಹೊತ್ತಿಗೆ, ಮುಂಚೆ ತಿಳಿಸದೆ. ರಿಜಿಸ್ಟರ್ ಆಮೇಲೆ ನೋಡಬಹುದು. ಮೊದಲು ಮಲಗಿದ ಮಗುವಿನ ಅಡಿಗೆ ಕೈ ಇಟ್ಟು ನೋಡಿ, ಒದ್ದೆಯಾಗಿದೆಯಾ ಅಂತ.

ಇಂತಿ,
ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ