ಕೋರ್ಟ್ ಕಟ್ಟಡ: ನಕ್ಷೆಯಲ್ಲೇ ಸರಿಪಡಿಸಿ

ಮಾನ್ಯರೇ,

ಅಧೀನ ನ್ಯಾಯಾಲಯಗಳ ಕಟ್ಟಡಗಳಿಗೆ 1993–94ರಿಂದ ಕೇಂದ್ರ ಪುರಸ್ಕೃತ ಯೋಜನೆಯಿದೆ. ಕರ್ನಾಟಕದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. 2021ರಿಂದ ವಕೀಲರ ಸಭಾಂಗಣ, ಶೌಚಾಲಯಗಳೂ ಸೇರಿವೆ (ಇಷ್ಟು ತಡವಾಗಿ!).

ಹಣಕ್ಕಿಂತ ನಕ್ಷೆಯಲ್ಲಿ ಎಡವುವುದೇ ಹೆಚ್ಚು. ನ್ಯಾಯಾಧೀಶರು, ವಿಚಾರಣಾಧೀನ ಕೈದಿಗಳು, ಕಕ್ಷಿದಾರರಿಗೆ ಬೇರೆ ಬೇರೆ ದಾರಿ ಬೇಕು. ಕಾಲಂ (ಕಂಬ) ಎದ್ದ ಮೇಲೆ ಆ ದಾರಿಗಳನ್ನು ಸೇರಿಸುವುದು ಕಷ್ಟ. ಕಡತ ತುಂಬಿದ ರ‍್ಯಾಕ್‌ಗಳ ಭಾರ ಮೇಜು ಕುರ್ಚಿಗಳಿಗಿಂತ ಬಹಳ ಹೆಚ್ಚು. ಕಚೇರಿಗೆಂದು ವಿನ್ಯಾಸಗೊಳಿಸಿದ ಮೇಲಂತಸ್ತಿಗೆ ದಾಖಲೆ ಕೊಠಡಿಯನ್ನು ಆಮೇಲೆ ತಳ್ಳಿದರೆ ಸ್ಲ್ಯಾಬ್ ಬಾಗಿ ಬಿರುಕು ಬಿಟ್ಟೀತು. ರ‍್ಯಾಂಪ್, ಲಿಫ್ಟ್, ಪೀಠೋಪಕರಣ ಮೂಲ ಅಂದಾಜುಪಟ್ಟಿಯಲ್ಲೇ ಇರಲಿ. ಬಿಟ್ಟರೆ ಪರಿಷ್ಕೃತ ಅಂದಾಜು, ಮತ್ತೆ ಮಂಜೂರಾತಿ. ಅಲ್ಲಿಯವರೆಗೆ ಹೊಸ ಕಟ್ಟಡಕ್ಕೆ ಬೀಗ.